ಸ್ಪ್ರಿಂಟ್ ಮುಗಿದರೂ ಕಾರ್ಡ್ ಮುಗಿಯುತ್ತಿಲ್ಲ: ಸ್ಕ್ರಮ್ ಮತ್ತು ಕಾನ್‌ಬಾನ್ ಕುರಿತು ಪ್ರಶ್ನೋತ್ತರ

ಮಲೆನಾಡಿನ ತಂತ್ರಾಂಶ ಉದ್ಯೋಗಿಗಳ ಗುಂಪಿನಲ್ಲಿ, ತಂಡಗಳಿಗೆ ಕಾರ್ಯವಿಧಾನದ ತರಬೇತಿ ನೀಡುವವರೊಬ್ಬರೊಂದಿಗೆ ನಡೆದ ಮಾತುಕತೆ. ಕೆಲಸವನ್ನು ‘ಸ್ಪ್ರಿಂಟ್’ ಎಂಬ ನಿಗದಿತ ಅವಧಿಯ ಸುತ್ತುಗಳಲ್ಲಿ ಯೋಜಿಸಿ ಮುಗಿಸುವ ವಿಧಾನ ಸ್ಕ್ರಮ್. ಕೆಲಸಗಳನ್ನು ಬೋರ್ಡಿನ ಕಾಲಮ್ಮುಗಳಲ್ಲಿ ಕಾರ್ಡುಗಳಾಗಿ ತೋರಿಸಿ, ಒಮ್ಮೆಗೆ ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವ ವಿಧಾನ ಕಾನ್‌ಬಾನ್.

ಪ್ರಶ್ನೆ (ಶಿವಮೊಗ್ಗ): ನಮಸ್ಕಾರ ಸರ್. ಅಡಿಕೆ ಮಂಡಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುವ ಏಳು ಜನರ ತಂಡ ನಮ್ಮದು. ಎರಡು ವಾರದ ಸ್ಪ್ರಿಂಟ್ ನಡೆಸುತ್ತೇವೆ. ಕೊಯ್ಲು ಶುರುವಾದ ಮೇಲೆ ಮಂಡಿಗಳಿಂದ ದಿನವೂ ಕರೆ ಬರುತ್ತದೆ. ರಾಶಿ ಅಡಿಕೆಯ ದರ ಬೆಟ್ಟೆ ಅಡಿಕೆಯ ಬಿಲ್ಲಿಗೆ ಬಿದ್ದಿದೆ ಎಂದರೆ ಮುಂದಿನ ಸ್ಪ್ರಿಂಟಿನವರೆಗೆ ಕಾಯಿರಿ ಎನ್ನಲಾಗುವುದಿಲ್ಲ. ಹಾಗಾಗಿ ಬೋರ್ಡಿನಲ್ಲಿ ‘ತುರ್ತು’ ಎಂಬ ಸಾಲು ಸೇರಿಸಿ, ಸ್ಕ್ರಮ್ ಜೊತೆ ಕಾನ್‌ಬಾನ್ ಅಳವಡಿಸಿದೆವು ಎಂದುಕೊಂಡೆವು. ಈಗ ಬೋರ್ಡಿನಲ್ಲಿ 18 ಕಾರ್ಡುಗಳಿವೆ. 9 ‘ಪರೀಕ್ಷೆ’ ಕಾಲಮ್ಮಿನಲ್ಲೇ ನಿಂತಿವೆ. ವಾರಕ್ಕೆ ಸುಮಾರು 6 ಮುಗಿಯುತ್ತವೆ. ಟೆಸ್ಟರ್ ಒಬ್ಬರೇ, ಹೊಸನಗರದ ಮನೆಯಿಂದ ಕೆಲಸ ಮಾಡುತ್ತಾರೆ. ಒಂದೊಂದು ಕಾರ್ಡಿಗೆ ಹಿಡಿದ ದಿನಗಳನ್ನು ಇನ್ನು ಮುಂದೆ ಪ್ರತಿಯೊಬ್ಬರ ಮೌಲ್ಯಮಾಪನಕ್ಕೆ ಸೇರಿಸುವುದಾಗಿ ಮ್ಯಾನೇಜರ್ ಹೇಳಿದ್ದಾರೆ.

ಉತ್ತರ: ಕೊನೆಯ ವಾಕ್ಯಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನನಗೆ ಆತಂಕ ತಂದದ್ದು ಅದೇ. ಕಾರ್ಡಿಗೆ ಹಿಡಿಯುವ ದಿನಗಳಿಂದ ಇಡೀ ತಂಡದ ಕೆಲಸ ಎಲ್ಲಿ ನಿಲ್ಲುತ್ತಿದೆ ಎಂಬುದು ತಿಳಿಯುತ್ತದೆ. ಅದನ್ನೇ ಸಂಬಳಕ್ಕೆ ಗಂಟುಹಾಕಿದ ದಿನದಿಂದ ಕಷ್ಟದ ಕಾರ್ಡನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದವರೂ ಅರ್ಧ ಮುಗಿಸಿದ ಮೇಲಷ್ಟೇ ‘ಆರಂಭ’ ಎಂದು ನಮೂದಿಸುತ್ತಾರೆ, ಮತ್ತು ಎಲ್ಲರ ವಿಳಂಬವೂ ಆ ಒಬ್ಬ ಟೆಸ್ಟರ್ ತಲೆಗೆ ಬರುತ್ತದೆ. ಇದನ್ನು ಈಗಲೇ ತಡೆಯಿರಿ.

ಇನ್ನು ಲೆಕ್ಕ. 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮದಂತೆ, ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಅವು ಮುಗಿಯುವ ದರದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. ನಿಮ್ಮಲ್ಲಿ 18 ಭಾಗಿಸು 6, ಅಂದರೆ ಮೂರು ವಾರ. ಸ್ಪ್ರಿಂಟ್ ಇರುವುದು ಎರಡೇ ವಾರ. ಕಾರ್ಡುಗಳು ಮುಂದಿನ ಸ್ಪ್ರಿಂಟಿಗೆ ಉರುಳುವುದಕ್ಕೆ ಯಾರ ಸೋಮಾರಿತನವನ್ನೂ ಹುಡುಕಬೇಕಾಗಿಲ್ಲ. ಕೈಯಲ್ಲಿರುವುದನ್ನು 9ಕ್ಕೆ ಇಳಿಸಿ, ಮುಗಿಯುವ ದರ ಅಷ್ಟೇ ಉಳಿದರೆ, ಒಂದೂವರೆ ವಾರ ಸಾಕು. ಇದು ಸರಾಸರಿಯ ಮಾತು. ಬರುವ ಕೆಲಸವೂ ಮುಗಿಯುವ ಕೆಲಸವೂ ಹೆಚ್ಚುಕಡಿಮೆ ಸಮನಾಗಿದ್ದಾಗ ಮಾತ್ರ ಸಲ್ಲುತ್ತದೆ, ಇದನ್ನೇ ನಂಬಿ ಮಂಡಿಯವರಿಗೆ ಇಂಥದೇ ದಿನವೆಂದು ಮಾತು ಕೊಡಬೇಡಿ.

ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವವರೆಗೆ ಕಾನ್‌ಬಾನ್ ಶುರುವಾಗುವುದೇ ಇಲ್ಲ. ತುರ್ತು ಸಾಲಿನಲ್ಲಿ ಒಂದೇ ಕಾರ್ಡ್ ಇರಲಿ. ಎರಡನೆಯದು ಬಂದರೆ ಯಾವುದು ಕಾಯಬೇಕೆಂದು ಪ್ರಾಡಕ್ಟ್ ಓನರ್ (ಕೆಲಸಗಳ ಆದ್ಯತೆ ನಿರ್ಧರಿಸುವವರು) ಹೇಳಲಿ. ಪರೀಕ್ಷೆಗೆ ಮೂರರ ಮಿತಿ ಹಾಕಿ. ಅದು ತುಂಬಿದಾಗ ಡೆವಲಪರ್‌ಗಳು ಹೊಸ ಕಾರ್ಡ್ ಎತ್ತದೆ ಪರೀಕ್ಷೆಗೆ ಕೈಜೋಡಿಸಲಿ. ಸ್ಪ್ರಿಂಟಿನ ಯೋಜನೆ, ವಿಮರ್ಶೆ, ಹಿನ್ನೋಟದ ಸಭೆಗಳು ಹಾಗೆಯೇ ಇರಲಿ, ಆದರೆ ಕೊಯ್ಲಿನ ತಿಂಗಳುಗಳಲ್ಲಿ ಕರೆಗಳಿಗೆ ಜಾಗ ಬಿಟ್ಟು ಯೋಜಿಸಿ. ದಿನದ ಹದಿನೈದು ನಿಮಿಷದ ಸಭೆಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುವ ಬದಲು, ಬೋರ್ಡಿನ ಬಲತುದಿಯಿಂದ, ಅಂದರೆ ಮುಗಿಯುವ ಹಂತದಿಂದ, ಹಿಂದಕ್ಕೆ ಬರುತ್ತಾ ಅತಿ ಹಳೆಯ ಕಾರ್ಡ್ ಏಕೆ ನಿಂತಿದೆ ಎಂದು ಕೇಳಿ.

ಪ್ರಶ್ನೆ (ತೀರ್ಥಹಳ್ಳಿ): ಸ್ಕ್ರಮ್, ಕಾನ್‌ಬಾನ್, ಎರಡರಲ್ಲಿ ಯಾವುದು ಒಳ್ಳೆಯದು ಸರ್?

ಉತ್ತರ: ಮೇಲಿನದನ್ನು ಓದಿ.

ಪ್ರಶ್ನೆ (ಕೊಪ್ಪ): ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಆನ್‌ಲೈನ್ ಬೋರ್ಡ್ ತೆರೆಯುವುದಿಲ್ಲ. ಆಗ ಮಿತಿ ಮೀರದಂತೆ ನೋಡಿಕೊಳ್ಳುವುದು ಹೇಗೆ?

ಸದಸ್ಯ (ಸೊರಬ): ಬೇರೆ ಗುಂಪಿನಿಂದ ಬಂದದ್ದು: “ಸ್ಪ್ರಿಂಟ್ ಕಿತ್ತುಹಾಕಿ, ಕಾನ್‌ಬಾನ್ ಹಾಕಿ, ಏಳೇ ದಿನಗಳಲ್ಲಿ ಇಮ್ಮಡಿ ವೇಗ!”

ಉತ್ತರ: ಯಾವ ತಂಡ, ಎಂಥ ಕೆಲಸ, ಮೊದಲು ವೇಗ ಎಷ್ಟಿತ್ತು, ಇದರಲ್ಲಿ ಒಂದೂ ಇಲ್ಲ. 2004ರ ಸುಮಾರಿಗೆ, ಕಾನ್‌ಬಾನನ್ನು ತಂತ್ರಾಂಶ ಕೆಲಸಕ್ಕೆ ತಂದ ಡೇವಿಡ್ ಆಂಡರ್ಸನ್ ನೆರವಾದ, ಹೈದರಾಬಾದಿನಲ್ಲಿದ್ದ ಮೈಕ್ರೋಸಾಫ್ಟ್ ನಿರ್ವಹಣಾ ತಂಡದಲ್ಲಿ, ಅಂದಾಜು ಹಾಕುವ ಕೆಲಸವೇ ಸಮಯದ ದೊಡ್ಡ ಪಾಲನ್ನು ತಿನ್ನುತ್ತಿದೆ ಎಂದು ಕಂಡುಕೊಂಡು ಅದನ್ನು ನಿಲ್ಲಿಸಿದರು, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು. ಫಲ ಬರಲು ತಿಂಗಳುಗಳೇ ಹಿಡಿದವು. ರೋಗ ಯಾವುದೆಂದು ನೋಡದೆ ಕಳುಹಿಸುವ ಇಂಥ ಮದ್ದನ್ನು ದಯವಿಟ್ಟು ಇಲ್ಲಿ ಹಂಚಬೇಡಿ.

ಸದಸ್ಯ (ಸಾಗರ): ಸ್ಕ್ರಮ್ಮನ್ನು ಭಾಗಶಃ ಅಳವಡಿಸಿದರೆ ಅದು ಸ್ಕ್ರಮ್ ಅಲ್ಲವೆಂದು ಸ್ಕ್ರಮ್ ನಿಯಮಗಳನ್ನು ವಿವರಿಸುವ 2020ರ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡುವ ಅಂದಾಜು ಅಂಕ) ಬಿಟ್ಟು ಕಾರ್ಡ್ ಎಣಿಸುವವರು ಬೇರೆ ಹೆಸರಿಟ್ಟುಕೊಳ್ಳಲಿ.

ಸದಸ್ಯೆ (ಭದ್ರಾವತಿ): ಹೆಸರು ಬದಲಾಯಿಸಿದರೆ ಬೆಟ್ಟೆಯ ಬಿಲ್ ಸರಿಯಾಗುತ್ತದೆಯೇ?

ಸದಸ್ಯ (ಸಾಗರ): ಪ್ರಮಾಣಪತ್ರ ಪಡೆದವರು ಮಾತನಾಡುವಾಗ ಉಳಿದವರು ಸ್ವಲ್ಪ ಕೇಳಿಸಿಕೊಳ್ಳುವುದು ಒಳ್ಳೆಯದು.

ಸದಸ್ಯೆ (ಭದ್ರಾವತಿ): ಎರಡು ದಿನ ಕುರ್ಚಿಯಲ್ಲಿ ಕೂತರೆ ಸಿಗುವ ಪ್ರಮಾಣಪತ್ರ ನನ್ನ ಬಳಿಯೂ ಇದೆ ಮಾರಾಯರೇ.

ಉತ್ತರ: ಇಬ್ಬರೂ ನಿಲ್ಲಿಸಿ. ಕೆಲಸಕ್ಕೆ ಮಿತಿ ಹಾಕಬಾರದೆಂದು ಮಾರ್ಗದರ್ಶಿ ಎಲ್ಲಿಯೂ ಹೇಳಿಲ್ಲ. ಸ್ಕ್ರಮ್ ತಂಡಗಳಿಗೆಂದೇ ಬರೆದ ಕಾನ್‌ಬಾನ್ ಮಾರ್ಗದರ್ಶಿಯನ್ನು ಸ್ಕ್ರಮ್ ಡಾಟ್ ಆರ್ಗ್ ಸಂಸ್ಥೆ 2018ರಲ್ಲೇ ಹೊರತಂದಿದೆ. ಸಾಗರದವರು ಉಲ್ಲೇಖಿಸಿದ 2020ರ ಮಾರ್ಗದರ್ಶಿಯಲ್ಲಿ ಸ್ಟೋರಿ ಪಾಯಿಂಟಿನ ಪ್ರಸ್ತಾಪವೇ ಇಲ್ಲ.

ಸದಸ್ಯೆ (ಹೊಸನಗರ): ಮೇಲೆ ಹೇಳಿದ ಟೆಸ್ಟರ್ ನಾನೇ. ಆ ಒಂಬತ್ತರಲ್ಲಿ ನಾಲ್ಕು ಕಾರ್ಡುಗಳನ್ನು ನಾನು ತೆರೆದೇ ಇಲ್ಲ, ಇನ್ನು ಮೂರು ಡೆವಲಪರ್‌ಗಳ ಸ್ಪಷ್ಟನೆಗೆ ಕಾಯುತ್ತಿವೆ. ನಾನು ನಿಜವಾಗಿ ಪರೀಕ್ಷಿಸುತ್ತಿರುವುದು ಎರಡನ್ನು ಮಾತ್ರ.

ಉತ್ತರ: ಇದನ್ನು ಬೋರ್ಡಿನಲ್ಲಿ ಕಾಣಿಸಲೇಬೇಕು ಮೇಡಂ. ಕಾಲಮ್ಮನ್ನು ‘ಪರೀಕ್ಷೆಗೆ ಸಿದ್ಧ’, ‘ಪರೀಕ್ಷೆಯಲ್ಲಿ’ ಎಂದು ಒಡೆಯಿರಿ, ಎರಡಕ್ಕೂ ಸೇರಿ ಮೂರರ ಮಿತಿ ಇರಲಿ. ಸ್ಪಷ್ಟನೆಗೆ ನಿಂತ ಕಾರ್ಡಿನ ಮೇಲೆ ಉತ್ತರಿಸಬೇಕಾದವರ ಹೆಸರು ಮತ್ತು ಕೇಳಿದ ದಿನಾಂಕ ಬರೆಯಿರಿ. ಅದನ್ನು ಮಿತಿಯ ಲೆಕ್ಕದಿಂದ ಹೊರಗಿಡಬೇಡಿ, ಹೊರಗಿಟ್ಟರೆ ಅದನ್ನು ಯಾರೂ ಕೇಳುವುದಿಲ್ಲ. ಮೌಲ್ಯಮಾಪನದ ಮಾತು ಎತ್ತುವ ಮೊದಲು ನಿಮ್ಮ ಮ್ಯಾನೇಜರ್ ಆ ಮೂರು ಕಾರ್ಡುಗಳ ದಿನಾಂಕ ನೋಡಲಿ.

ಸದಸ್ಯ (ಸಾಗರ): ಹಾಗಾದರೆ ವೆಲಾಸಿಟಿಯನ್ನು (ಒಂದು ಸ್ಪ್ರಿಂಟಿನಲ್ಲಿ ಮುಗಿಯುವ ಕೆಲಸದ ಪ್ರಮಾಣವನ್ನು) ಯಾವುದರಲ್ಲಿ ಅಳೆಯಬೇಕು ಎಂದು ಯಾರೂ ಹೇಳಲಿಲ್ಲ.

ಪ್ರಶ್ನೆ (ತೀರ್ಥಹಳ್ಳಿ): ಮೇಲಿನದನ್ನು ಓದಿದೆ ಸರ್. ಕೊನೆಗೆ ಯಾವುದು ಒಳ್ಳೆಯದು?