1941ರಲ್ಲಿ ಯುದ್ಧ ಬೇಡ ಎಂದ ಅಮೆರಿಕನ್ನರ ವಾದದಲ್ಲಿ ಹುರುಳಿತ್ತೇ?

ತುಂಗಾತೀರ (ಪ್ರಶ್ನೆ)

ಎರಡನೆಯ ಮಹಾಯುದ್ಧದ ಮೊದಲ ಎರಡು ವರ್ಷ ಅಮೆರಿಕ ಹೊರಗೇ ಉಳಿದದ್ದನ್ನು ನಮ್ಮ ಪದವಿ ಪಠ್ಯಗಳು ‘ಪ್ರತ್ಯೇಕತಾ ನೀತಿ’ ಎಂಬ ಶೀರ್ಷಿಕೆಯಡಿ ಅರ್ಧ ಪುಟದಲ್ಲಿ ಮುಗಿಸುತ್ತವೆ. ದೂರದೃಷ್ಟಿಯುಳ್ಳ ಅಧ್ಯಕ್ಷ ರೂಸ್ವೆಲ್ಟ್ ಒಂದು ಕಡೆ, ಕಣ್ಣು ಮುಚ್ಚಿ ಕುಳಿತ ಜನ ಇನ್ನೊಂದು ಕಡೆ ಎಂಬುದೇ ಅಲ್ಲಿನ ಚಿತ್ರ. ಆದರೆ 1940ರ ಸೆಪ್ಟೆಂಬರಿನಲ್ಲಿ ಹುಟ್ಟಿದ, ಯುದ್ಧಕ್ಕೆ ಇಳಿಯುವುದನ್ನು ವಿರೋಧಿಸಿದ ‘ಅಮೆರಿಕ ಫಸ್ಟ್’ ಸಮಿತಿಗೆ ಸುಮಾರು ಎಂಟು ಲಕ್ಷ ಸದಸ್ಯರಿದ್ದರು. ಅದನ್ನು ಆರಂಭಿಸಿದವರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಮುಂದೆ ರಾಷ್ಟ್ರಾಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಆ ಗುಂಪಿನಲ್ಲಿದ್ದರು. ಸಿಯರ್ಸ್ ಕಂಪನಿಯ ಮುಖ್ಯಸ್ಥ ರಾಬರ್ಟ್ ವುಡ್ ಸಮಿತಿಯನ್ನು ನಡೆಸಿದರೆ, ಸಮಾಜವಾದಿ ನಾಯಕ ನಾರ್ಮನ್ ಥಾಮಸ್ ಅದರ ಸಭೆಗಳಲ್ಲಿ ಮಾತನಾಡಿದರು. ಇಷ್ಟು ಭಿನ್ನ ಹಿನ್ನೆಲೆಯವರು ಒಂದೇ ವೇದಿಕೆಗೆ ಬಂದದ್ದನ್ನು ಹೇಡಿತನವೆಂದೋ ಹಿಟ್ಲರನ ಮೇಲಿನ ಒಲವೆಂದೋ ವಿವರಿಸಿದರೆ ಸಾಲದು ಎನಿಸುತ್ತದೆ. ಅವರ ವಾದದ ಗಟ್ಟಿ ಭಾಗ ಯಾವುದು, ಟೊಳ್ಳು ಭಾಗ ಯಾವುದು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಉಪನ್ಯಾಸಕ

ಈ ವಾದದ ಬೇರು 1917ರಲ್ಲಿದೆ. ಹಿಂದಿನ ವರ್ಷವಷ್ಟೇ ‘ನಮ್ಮನ್ನು ಯುದ್ಧದಿಂದ ದೂರ ಇಟ್ಟವರು’ ಎಂಬ ಪ್ರಚಾರದ ಬಲದಿಂದ ಮರುಆಯ್ಕೆಯಾಗಿದ್ದ ಅಧ್ಯಕ್ಷ ವಿಲ್ಸನ್, ಏಪ್ರಿಲ್‌ನಲ್ಲಿ ದೇಶವನ್ನು ಮೊದಲ ಮಹಾಯುದ್ಧಕ್ಕೆ ಇಳಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಪ್ರತಿಫಲವಾಗಿ ಬಂದ ವರ್ಸೇಲ್ಸ್ ಒಪ್ಪಂದವನ್ನು ಅವರದೇ ಸೆನೆಟ್ ತಿರಸ್ಕರಿಸಿತು, ಯೂರೋಪು ಮತ್ತೆ ಹಳೆಯ ಜಗಳಗಳಿಗೆ ಮರಳಿತು, ಮಿತ್ರರಾಷ್ಟ್ರಗಳು ಪಡೆದ ಸಾಲದ ಬಹುಪಾಲು ವಾಪಸಾಗಲೇ ಇಲ್ಲ. 1934ರಲ್ಲಿ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿಯು ಶಸ್ತ್ರಾಸ್ತ್ರ ತಯಾರಕರ ಮತ್ತು ಬ್ಯಾಂಕುಗಳ ಯುದ್ಧಕಾಲದ ಲಾಭವನ್ನು ವಿಚಾರಣೆಗೆ ಒಳಪಡಿಸಿದಾಗ ಜನರ ಸಂಶಯಕ್ಕೆ ದಾಖಲೆಗಳ ಬೆಂಬಲವೂ ಸಿಕ್ಕಂತಾಯಿತು.

1935ರಿಂದ ಸಾಲಾಗಿ ಬಂದ ತಟಸ್ಥತಾ ಕಾಯ್ದೆಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಹೋರಾಡುವ ದೇಶಗಳಿಗೆ ಶಸ್ತ್ರ ಮಾರಬಾರದು, ಸಾಲ ಕೊಡಬಾರದು, ಅವುಗಳ ಹಡಗಿನಲ್ಲಿ ಅಮೆರಿಕನ್ನರು ಪ್ರಯಾಣಿಸಬಾರದು ಎಂಬ ನಿಯಮಗಳೆಲ್ಲವೂ 1914ರಿಂದ 1917ರವರೆಗೆ ದೇಶವನ್ನು ಯುದ್ಧದತ್ತ ಎಳೆದ ದಾರಿಗಳನ್ನು ಒಂದೊಂದಾಗಿ ಮುಚ್ಚುವ ಪ್ರಯತ್ನವಾಗಿದ್ದವು. ಆದರೆ ಆಕ್ರಮಣಕಾರನಿಗೂ ಆಕ್ರಮಣಕ್ಕೆ ತುತ್ತಾದವನಿಗೂ ಕಾಯ್ದೆ ಭೇದ ಮಾಡಲಿಲ್ಲ. 1937ರಲ್ಲಿ ಶಸ್ತ್ರ ನಿಷೇಧವನ್ನು ಸ್ಪೇನಿನ ಅಂತರ್ಯುದ್ಧಕ್ಕೂ ವಿಸ್ತರಿಸಿದಾಗ ಚುನಾಯಿತ ಗಣರಾಜ್ಯ ಸರ್ಕಾರಕ್ಕೆ ಅಮೆರಿಕದ ಮಾರುಕಟ್ಟೆ ಮುಚ್ಚಿತು. ಬಂಡಾಯವೆದ್ದ ಫ್ರಾಂಕೋಗೆ ಹಿಟ್ಲರ್ ಮತ್ತು ಮುಸೊಲಿನಿಯ ನೆರವು ಹರಿದುಬರುತ್ತಲೇ ಇತ್ತು. ತಟಸ್ಥತೆಯೂ ಒಂದು ಪಕ್ಷಕ್ಕೆ ಅನುಕೂಲವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣದು.

ಹಳೇ ಪೇಪರ್

ಉಪನ್ಯಾಸಕರ ವಿವರಣೆಯನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಿಂದಿನ ಯುದ್ಧದ ಕಹಿಯಷ್ಟೇ ಈ ಚಳವಳಿಯ ಬಂಡವಾಳವಾಗಿರಲಿಲ್ಲ. ಅದರ ಅತಿ ಜನಪ್ರಿಯ ಭಾಷಣಕಾರರಾಗಿದ್ದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ 1941ರ ಸೆಪ್ಟೆಂಬರ್ 11ರಂದು ಡೆ ಮೊಯಿನ್ ನಗರದಲ್ಲಿ, ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್ವೆಲ್ಟ್ ಆಡಳಿತ ಎಂದು ಬಹಿರಂಗವಾಗಿ ಹೇಳಿದರು. ಜರ್ಮನಿಯಲ್ಲಿ ಯಹೂದಿಗಳ ಗತಿ ಏನಾಗುತ್ತಿದೆ ಎಂದು ಜಗತ್ತು ನೋಡುತ್ತಿದ್ದ ಕಾಲದಲ್ಲಿ ಆಡಿದ ಮಾತಿದು. ಸಮಿತಿಯ ಒಳಗಿನವರೇ ಮುಜುಗರಪಟ್ಟರು. ಆದರೆ ಸಮಿತಿ ಅವರನ್ನು ಕೈಬಿಡಲಿಲ್ಲ. ಪ್ರಾಮಾಣಿಕ ಯುದ್ಧವಿರೋಧಿಗಳ ಹೆಸರಿಗೂ ಅಂದು ಹತ್ತಿದ ಮಸಿ ಇಂದಿಗೂ ಹೋಗಿಲ್ಲ.

ಸೈನ್ಯದ ಸ್ಥಿತಿಯನ್ನೂ ಗಮನಿಸಬೇಕು. 1939ರಲ್ಲಿ ಅಮೆರಿಕದ ಭೂಸೇನೆಯಲ್ಲಿ ಎರಡು ಲಕ್ಷ ಜನವೂ ಇರಲಿಲ್ಲ. 1941ರ ಆಗಸ್ಟಿನಲ್ಲಿ, ಸೋವಿಯತ್ ಒಕ್ಕೂಟದ ಮೇಲೆ ಹಿಟ್ಲರನ ದಾಳಿ ನಡೆಯುತ್ತಿರುವಾಗ, ಕಡ್ಡಾಯ ಸೇನಾ ಸೇವೆಯ ಅವಧಿಯನ್ನು ವಿಸ್ತರಿಸುವ ಮಸೂದೆ ಪ್ರತಿನಿಧಿ ಸಭೆಯಲ್ಲಿ 203–202 ಮತಗಳಿಂದ, ಅಂದರೆ ಒಂದೇ ಒಂದು ಮತದಿಂದ ಪಾರಾಯಿತು. ಆ ಒಂದು ಮತ ಅತ್ತ ಬಿದ್ದಿದ್ದರೆ ಪರ್ಲ್ ಹಾರ್ಬರ್ ದಾಳಿಯ ಹೊತ್ತಿಗೆ ಸೇನೆಯ ದೊಡ್ಡ ಭಾಗ ಮನೆಯ ದಾರಿ ಹಿಡಿದಿರುತ್ತಿತ್ತು.

ಕಾನೂನು ವಿದ್ಯಾರ್ಥಿನಿ

ಇಬ್ಬರೂ ಮುಟ್ಟದ ಒಂದು ಮುಖವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಯುದ್ಧವಿರೋಧಿಗಳ ವಾದದ ನಿಜವಾದ ಬಲ ಅಲ್ಲಿಯೇ ಇದೆ. ಯುದ್ಧ ಘೋಷಿಸುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಟ್ಟಿದೆ. 1941ರ ಮಾರ್ಚ್‌ನ ಲೆಂಡ್-ಲೀಸ್ ಕಾಯ್ದೆ (ಬ್ರಿಟನ್ ಮೊದಲಾದ ದೇಶಗಳಿಗೆ ಯುದ್ಧಸಾಮಗ್ರಿ ಒದಗಿಸುವ ಕಾಯ್ದೆ) ಚರ್ಚೆಯಾಗಿ, ಮತಕ್ಕೆ ಬಂದು ಅಂಗೀಕಾರವಾಯಿತು. ಅದರ ಬಗ್ಗೆ ತಕರಾರಿಲ್ಲ. ಆದರೆ 1940ರಲ್ಲಿ ನೌಕಾನೆಲೆಗಳಿಗೆ ಬದಲಾಗಿ ಬ್ರಿಟನ್ನಿಗೆ 50 ಹಳೆಯ ಡಿಸ್ಟ್ರಾಯರ್ ಹಡಗುಗಳನ್ನು ಕೊಟ್ಟದ್ದು ಕಾಂಗ್ರೆಸ್ಸಿನ ಮತವಿಲ್ಲದೆ, ಅಧ್ಯಕ್ಷರ ಒಪ್ಪಂದವೊಂದರ ಮೂಲಕ.

ಇನ್ನೂ ಗಂಭೀರವಾದದ್ದು ‘ಗ್ರೀರ್’ ಪ್ರಕರಣ. ಲಿಂಡ್‌ಬರ್ಗ್ ಮಾತನಾಡಿದ ಅದೇ ಸಂಜೆ ರೂಸ್ವೆಲ್ಟ್ ರೇಡಿಯೊದಲ್ಲಿ, ಜರ್ಮನ್ ಜಲಾಂತರ್ಗಾಮಿಯೊಂದು ಅಮೆರಿಕದ ಯುದ್ಧನೌಕೆ ‘ಗ್ರೀರ್’ ಮೇಲೆ ಮೊದಲು ದಾಳಿ ಮಾಡಿತೆಂದು ಹೇಳಿ, ಇನ್ನು ಮುಂದೆ ಅಮೆರಿಕದ ರಕ್ಷಣಾ ವಲಯದಲ್ಲಿ ಕಂಡ ಶತ್ರುನೌಕೆಗಳಿಗೆ ಗುಂಡು ಬೀಳುತ್ತದೆ ಎಂದು ಸಾರಿದರು. ಆ ಹಡಗು ಜಲಾಂತರ್ಗಾಮಿಯನ್ನು ಗಂಟೆಗಟ್ಟಲೆ ಹಿಂಬಾಲಿಸುತ್ತ ಬ್ರಿಟಿಷ್ ವಿಮಾನಕ್ಕೆ ಅದರ ಸ್ಥಾನ ತಿಳಿಸುತ್ತಿತ್ತು, ಆ ವಿಮಾನವೇ ಮೊದಲು ಬಾಂಬು ಹಾಕಿತ್ತು ಎಂಬುದು ನಂತರ ನೌಕಾಪಡೆಯಿಂದಲೇ ಸೆನೆಟ್ಟಿಗೆ ತಿಳಿಯಿತು. ಉದ್ದೇಶ ಒಳ್ಳೆಯದಿತ್ತು ಎಂದು ಇದನ್ನು ಮನ್ನಿಸಬಹುದೇ? 1964ರಲ್ಲಿ ವಿಯೆಟ್ನಾಂ ಬಳಿಯ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ದಾಳಿಯಾಯಿತೆಂಬ ಘಟನೆಯಲ್ಲಿ ಅಧ್ಯಕ್ಷ ಜಾನ್ಸನ್ ಇದೇ ಜಾಡಿನಲ್ಲಿ ನಡೆದು ವಿಯೆಟ್ನಾಂ ಯುದ್ಧಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಪಡೆದರು. ಸೆನೆಟ್ಟಿನಲ್ಲಿ ಆಗ ವಿರೋಧಿಸಿದವರು ಇಬ್ಬರೇ. ಅಧ್ಯಕ್ಷರ ಕೈ ಕಟ್ಟಲು ಯುದ್ಧಾಧಿಕಾರ ನಿರ್ಣಯ ಬರುವ ಹೊತ್ತಿಗೆ 1973 ಆಗಿತ್ತು.

ತುಂಗಾತೀರ

ಮೂವರಿಗೂ ಧನ್ಯವಾದಗಳು. ಹಾಗಾದರೆ ಜಗತ್ತಿನಿಂದ ದೂರವಿರಬೇಕೇ ಬೇಡವೇ ಎಂಬುದಕ್ಕಿಂತ, ಯುದ್ಧವನ್ನು ಯಾರು ನಿರ್ಧರಿಸಬೇಕು ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು ಎನ್ನಬಹುದೇ?

ನಿವೃತ್ತ ಉಪನ್ಯಾಸಕ

ಬಹುಮಟ್ಟಿಗೆ ಹೌದು, ಪೂರ್ತಿಯಾಗಿ ಅಲ್ಲ. ಜಗತ್ತಿನಿಂದ ಅಮೆರಿಕ ಎಂದೂ ದೂರವಿರಲಿಲ್ಲ. 1915ರಿಂದ 1934ರವರೆಗೆ ಹೈಟಿ ದೇಶ ಅದರ ಸೈನಿಕರ ವಶದಲ್ಲಿತ್ತು, ಫಿಲಿಪ್ಪೀನ್ಸ್ ಅದರ ವಸಾಹತಾಗಿತ್ತು. ಆದರೆ ಯುದ್ಧದಲ್ಲಿ ಪಾಲುಗೊಂಡರೆ ದೇಶದೊಳಗಿನ ಸ್ವಾತಂತ್ರ್ಯ ಕುಗ್ಗುತ್ತದೆ, ಯೂರೋಪಿನ ಸಾಮ್ರಾಜ್ಯಗಳನ್ನು ಉಳಿಸಲು ಅಮೆರಿಕದ ಹುಡುಗರು ಸಾಯಬೇಕಾಗುತ್ತದೆ ಎಂಬ ಆತಂಕಗಳೂ ಅಷ್ಟೇ ನಿಜವಾಗಿದ್ದವು. ಎರಡನೆಯದನ್ನು ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಾವು ಸುಲಭವಾಗಿ ತಳ್ಳಿಹಾಕಲಾರೆವು.

ಇನ್ನೊಂದು ಸಂಗತಿಯನ್ನು ನೀವು ಬರೆಯುವಾಗ ಮರೆಯಬೇಡಿ. 1941ರ ಅಕ್ಟೋಬರ್ 31ರಂದು ‘ರೂಬೆನ್ ಜೇಮ್ಸ್’ ಯುದ್ಧನೌಕೆ ಜರ್ಮನ್ ದಾಳಿಯಲ್ಲಿ ಮುಳುಗಿ ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಅದಾದ ಮೇಲೂ ತಟಸ್ಥತಾ ಕಾಯ್ದೆಯ ಮುಖ್ಯ ನಿರ್ಬಂಧಗಳನ್ನು ತೆಗೆದುಹಾಕುವ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ ಸಿಕ್ಕದ್ದು 212–194ರ ಕಿರಿದಾದ ಬಹುಮತ. ಒಂದು ತಿಂಗಳೊಳಗೆ ಪರ್ಲ್ ಹಾರ್ಬರ್ ದಾಳಿ ನಡೆದು, ಡಿಸೆಂಬರ್ 8ರಂದು ಜಪಾನಿನ ವಿರುದ್ಧದ ಘೋಷಣೆಗೆ ಇಡೀ ಕಾಂಗ್ರೆಸ್ಸಿನಲ್ಲಿ ಪ್ರತಿನಿಧಿ ಸಭೆಯ ಸದಸ್ಯೆ ಜೆನೆಟ್ ರ‍್ಯಾಂಕಿನ್ ಒಬ್ಬರೇ ವಿರುದ್ಧ ಮತ ಹಾಕಿದರು. ಸಮಿತಿಯೂ ಕೆಲವೇ ದಿನಗಳಲ್ಲಿ ವಿಸರ್ಜನೆಯಾಯಿತು. ಆದರೂ ಜರ್ಮನಿಯ ವಿರುದ್ಧ ತಾನಾಗಿ ಯುದ್ಧ ಸಾರಬೇಕೇ ಎಂಬುದನ್ನು ಕಾಂಗ್ರೆಸ್ ನಿರ್ಧರಿಸುವ ಪ್ರಸಂಗವೇ ಬರಲಿಲ್ಲ. ಡಿಸೆಂಬರ್ 11ರಂದು ಹಿಟ್ಲರನೇ ಅಮೆರಿಕದ ಮೇಲೆ ಯುದ್ಧ ಸಾರಿದ.