ಪ್ರಮೀಥಿಯಸ್ ಹೆಸರಿಗೂ ‘ಪ್ರಮಂಥ’ಕ್ಕೂ ನಂಟು ಇದೆಯಾ?

ಗ್ರೀಕ್ ಪುರಾಣದಲ್ಲಿ ದೇವತೆಗಳಿಂದ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟೋನು ಪ್ರಮೀಥಿಯಸ್. ಅವನ ಹೆಸರು ನಮ್ಮ ಸಂಸ್ಕೃತದ ‘ಪ್ರಮಂಥ’ದಿಂದ್ಲೇ ಹೋಗಿದ್ದು ಅಂತ ಆಗಾಗ ವಾಟ್ಸಾಪಲ್ಲಿ ಓಡಾಡ್ತಿರುತ್ತಲ್ಲ, ಅದು ಪೂರ್ತಿ ಬುರುಡೆ ಅಲ್ಲ, ಆದ್ರೆ ಅಲ್ಲಿ ಬರೆದಷ್ಟು ಸಲೀಸೂ ಅಲ್ಲ. ಈ ನಂಟು ಹಾಕಿದ್ದು ಜರ್ಮನ್ ವಿದ್ವಾಂಸ ಆಡಾಲ್ಬರ್ಟ್ ಕೂನ್, 1859ರಲ್ಲಿ. ಯಜ್ಞಕ್ಕೆ ಬೆಂಕಿ ಹುಟ್ಟಿಸೋಕೆ ಅರಣಿ ಕಡೆಯೋದನ್ನ ನೋಡಿದೋರಿಗೆ ಗೊತ್ತಿರುತ್ತೆ, ಕೆಳಗೊಂದು ಮರದ ತುಂಡು, ಅದರ ಕುಳೀಲಿ ನಿಲ್ಲಿಸಿದ ಕೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ಎಳೀತಾರೆ, ಒಬ್ರು ಮೇಲಿಂದ ಅದುಮಿ ಹಿಡ್ಕೊಂಡಿರ್ತಾರೆ, ಹೊಗೆ ಎದ್ದು ಕಿಡಿ ಕಂಡ್ರೆ ನಾರಿಗೆ ಹಾಕಿ ಊದೋದು. ಆ ಕೋಲೇ ಪ್ರಮಂಥ, ಮನುಷ್ಯರಿಗೆ ಬೆಂಕಿ ತಂದುಕೊಟ್ಟ ಪ್ರಮೀಥಿಯಸ್ಸೂ ಅದೇ ಅಂತ ಕೂನ್ ವಾದ.

ತೊಡಕು ಏನಂದ್ರೆ ಪ್ರಮಂಥದಲ್ಲಿರೋ ಸೊನ್ನೆ ಗ್ರೀಕಲ್ಲಿ ಇಲ್ಲ. ಅಲ್ಲಿರೋದು ದೀರ್ಘ ಸ್ವರ, ಡೋರಿಕ್ ಉಪಭಾಷೇಲಿ ‘ಪ್ರೊಮಾಥೆಉಸ್’ ಅಂತಿದ್ರು. ಹಂಗಾಗಿ ಆಮೇಲಿನವರು ‘ಮಂಥ್’ ಅಂದ್ರೆ ಕಡೆ, ‘ಮಥ್’ ಅಂದ್ರೆ ಕಸಿದುಕೋ ಅಂತ ಎರಡು ಧಾತು ಬೇರೆ ಮಾಡಿ, ನಂಟು ಇದ್ರೆ ಎರಡನೇದರ ಜೊತೆ ಅಂದ್ರು. ಋಗ್ವೇದದಲ್ಲಿ ಮಾತರಿಶ್ವ ಅನ್ನೋನು ಅಗ್ನಿ ತರೋ ಕಡೆ ಬರೋದೂ ಈ ‘ಮಥ್’ ಕ್ರಿಯಾಪದವೇ. ಬೆಂಕಿ ಕದ್ದೋನಿಗೆ ಕಡೆಗೋಲಿಗಿಂತ ಇದು ಚೆನ್ನಾಗಿ ಒಪ್ಪುತ್ತೆ ಅಂತ ನಂಗನ್ಸುತ್ತೆ. ಆದ್ರೂ ಇದು ಒಂದೇ ಮೂಲದ ಅಣ್ಣತಮ್ಮ ಪದಗಳ ಮಾತು, ಇಲ್ಲಿಂದ ಅಲ್ಲಿಗೆ ಹೋಯ್ತು ಅನ್ನೋದಲ್ಲ.

ಗ್ರೀಕರಿಗೆ ಮಾತ್ರ ಈ ತಲೆಬಿಸಿ ಇರ್ಲಿಲ್ಲ. ‘ಪ್ರೊಮೇಥೆಯಾ’ ಅಂದ್ರೆ ಅವರ ದಿನಬಳಕೇಲಿ ಮುಂದಾಲೋಚನೆ, ಪ್ರಮೀಥಿಯಸ್ ಅಂದ್ರೆ ಮುಂಚೆಯೇ ಯೋಚಿಸೋನು, ಮುಗೀತು. ತಮ್ಮನ ಹೆಸರು ಎಪಿಮೀಥಿಯಸ್, ಆದ ಮೇಲೆ ಯೋಚಿಸೋನು. ಈ ಎರಡನೇ ಹೆಸರು ಅಣ್ಣನ ಹೆಸರಿಗೆ ಜೋಡಿಯಾಗ್ಲಿ ಅಂತ ಕಟ್ಟಿದ್ದು ಅನ್ನೋದು ನನ್ನ ಗುಮಾನಿ. ದೇವತೆಗಳ ರಾಜ ಜ್ಯೂಸ್ ಕೊಟ್ಟಿದ್ದು ಏನೂ ಇಸ್ಕೋಬೇಡ ಅಂತ ಅಣ್ಣ ಹೇಳಿದ್ರೂ, ಅವನು ಕಳಿಸಿದ ಪಂಡೋರಾ ಅನ್ನೋ ಹೆಣ್ಣನ್ನ ತಮ್ಮ ಮನೆಗೆ ಸೇರಿಸ್ಕೊಂಡ, ಕೇಡು ತಲೆ ಮೇಲೆ ಬಿದ್ದ ಮೇಲೆ ಅರ್ಥ ಆಯ್ತು ಅಂತಾನೆ ಹಳೇ ಗ್ರೀಕ್ ಕವಿ ಹೆಸಿಯೋಡ್. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಗಾದೆ ಇವನಿಗೇ ಮಾಡಿದ ಹಾಗಿದೆ, ಬೆಂಕಿನೂ ಇದೆ ಅದರಲ್ಲಿ!

ಈಗ ನನ್ನ ಪ್ರಶ್ನೆ. ಅಣ್ಣನಿಗೆ ‘ಮುಂದಾಲೋಚನೆಯವ’ ಅನ್ಬೋದು, ತಮ್ಮನಿಗೆ ‘ಹಿಂಬುದ್ಧಿಯವ’ ಅಂದ್ರೆ ನಡೆಯುತ್ತಾ, ಇಲ್ಲಾ ನಿಮ್ಮ ಕಡೆ ಇಂಥೋರಿಗೆ ಬಾಯಲ್ಲೇ ಓಡಾಡೋ ಪದ ಬೇರೆ ಇದೆಯಾ?