ಸಹಾಯ ಬೇಕು: ಸುರಂಗದ ಬಾಯಿಯ ಜರೀಗಿಡ ಮನೆ ಹತ್ತಿರ ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮಳೆಗಾಲ ಬಂತೆಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ಬಾಯಲ್ಲಿ, ನೀರು ಒಸರುವ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಜರೀಗಿಡ ತುಂಬಿಕೊಳ್ಳುತ್ತದೆ. ತೆಳ್ಳಗಿನ, ಹೊಳೆಯುವ ಕಪ್ಪು ದಂಟು. ತುದಿ ಮಣ್ಣಿಗೆ ತಾಗಿದಲ್ಲೇ ಬೇರು ಬಿಟ್ಟು ಹೊಸ ಗಿಡ ಆಗುತ್ತದೆ. ಅಷ್ಟು ಚೆಂದ!

ಕೊಟ್ಟಿಗೆಯ ಹಿಂದೆ ಬಿಸಿಲು ಬೀಳದ, ತೇವ ಆರದ ಜಾಗ ಇದೆ. ಜೂನ್‌ನಲ್ಲಿ ನಾಲ್ಕು ಬುಡ ಅಲ್ಲಿ ನೆಟ್ಟೆ. ಸುಡುಮಣ್ಣು (ಸೊಪ್ಪು-ಕಸದ ಜೊತೆ ಸುಟ್ಟ ಮಣ್ಣು), ಸೆಗಣಿ ಗೊಬ್ಬರ ಹಾಕಿದೆ. ಎರಡು ವಾರದಲ್ಲಿ ಎಲೆಯಂಚು ಕಂದಾಗಿ ಸುರುಟಿತು. ಮೂರು ಸತ್ತೇ ಹೋದವು. ಗೊಬ್ಬರ ಜಾಸ್ತಿ ಆಯ್ತಾ? ನೀರು ನಿಂತು ಬೇರು ಕೊಳೆಯಿತಾ? ಕಲ್ಲಿನ ಮೇಲಾದರೆ ನೀರು ಇಳಿದು ಹೋಗುತ್ತದೆ, ಅಲ್ವಾ.

ಉಳಿದ ಒಂದನ್ನು ಮುರಕಲ್ಲಿನ ಪುಡಿ, ಎಲೆಗೊಬ್ಬರ ಬೆರೆಸಿ ಅದರಲ್ಲಿ ನೆಡಲೇ? ಎಲೆಯಡಿಯ ಕಂದು ಪುಡಿಯಿಂದ ಸಸಿ ಮಾಡಿದವರಿದ್ದರೆ ದಯವಿಟ್ಟು ಹೇಳಿ. ಸುರಂಗದಿಂದ ಇನ್ನೂ ಕೀಳಲು ಮನಸ್ಸಿಲ್ಲ.